ನೆಲ ಡೊಂಕೋ, ಹೆಜ್ಜೆ ಡೊಂಕೋ: ವಿಜ್ಞಾನದಲ್ಲಿ ಮತ್ತು ತೆಂಕುತಿಟ್ಟಿನ ನಾಟ್ಯದಲ್ಲಿ ತಪ್ಪು ಕಲಿಸುವ ಬಗೆ

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ. ಮಾತಿನ ಧಾಟಿಯನ್ನು ಹೆಚ್ಚು ಬದಲಿಸಿಲ್ಲ. ಕೊನೆಯಲ್ಲಿ ಪ್ರಶ್ನೋತ್ತರದ ಆಯ್ದ ಭಾಗವಿದೆ.)

 

ಗಡಿನಾಡಿನ ಕಲಿಕೆಯ ಬಗ್ಗೆ ನಡೆಯುತ್ತಿರುವ ಈ ಮಾಲಿಕೆಯಲ್ಲಿ ನಾನು ಆರಿಸಿಕೊಂಡಿರುವ ವಿಷಯ ತಪ್ಪು. 'ತಪ್ಪಿನಿಂದ ಕಲಿಯುತ್ತೇವೆ' ಅನ್ನೋ ಮಾತು ಈಗ ಎಲ್ಲ ಕಡೆ ಕೇಳುತ್ತದೆ. ಶಾಲೆಯ ಗೋಡೆಯ ಮೇಲೆ, ಶಿಕ್ಷಕರ ತರಬೇತಿಯಲ್ಲಿ, ವಿಜ್ಞಾನ ಮೇಳದ ಭಾಷಣದಲ್ಲಿ, ನೃತ್ಯ ಶಿಬಿರದ ಸಮಾರೋಪದಲ್ಲಿ. ಕೇಳುವುದಕ್ಕೆ ಹಿತವಾಗಿದೆ, ಯಾರೂ ವಿರೋಧಿಸುವುದಿಲ್ಲ. ಆದ್ದರಿಂದಲೇ ಅದನ್ನು ಒಮ್ಮೆ ವಿಮರ್ಶೆಗೆ ಒಡ್ಡಬೇಕು ಅಂತ ನನಗೆ ಅನ್ನಿಸಿದ್ದು.

ನಮ್ಮ ಗಾದೆಗಳು ಈ ವಿಷಯದಲ್ಲಿ ಒಂದೇ ಮಾತು ಹೇಳುವುದಿಲ್ಲ, ಗಮನಿಸಿ. ನಡೆಯುವವರು ಎಡವದೆ ಕುಳಿತವರು ಎಡವುತ್ತಾರೆಯೇ ಅಂತ ಒಂದು ಗಾದೆ. ಎಡವಿದ ಬೆರಳೇ ಮತ್ತೆ ಮತ್ತೆ ಎಡವುವುದು ಅಂತ ಇನ್ನೊಂದು. ಮೊದಲನೆಯದು ಎಡವುವುದಕ್ಕೆ ಧೈರ್ಯ ಕೊಡುತ್ತದೆ. ಎರಡನೆಯದು ಬರೀ ಎಡವಿದ ಮಾತ್ರಕ್ಕೆ ಕಾಲು ಏನೂ ಕಲಿಯುವುದಿಲ್ಲ ಅಂತ ಎಚ್ಚರಿಸುತ್ತದೆ. ಎರಡೂ ನಿಜ. ಹಾಗಾದರೆ ಪ್ರಶ್ನೆ ಇಷ್ಟು: ಯಾವ ಎಡವು ಕಲಿಸುತ್ತದೆ, ಯಾವುದು ಬರೀ ಗಾಯ ಮಾಡಿ ಹೋಗುತ್ತದೆ?

ನನ್ನ ವಾದವನ್ನು ಮೊದಲೇ ಹೇಳಿಬಿಡ್ತೇನೆ. ತಪ್ಪು ತಾನಾಗಿ ಗುರು ಅಲ್ಲ. ಅದು ಕಲಿಸಬೇಕಾದರೆ ಮೂರು ಸಂಗತಿ ಬೇಕು. ಒಂದು, ತಪ್ಪನ್ನು ಎಲ್ಲರೂ ಗುರುತಿಸಬಹುದಾದ ಅಳತೆಗೋಲು. ಎರಡು, ತಪ್ಪಿದರೆ ಸರ್ವನಾಶವಾಗದ ಒಂದು ಜಾಗ. ಮೂರು, ತಪ್ಪಿದ ಹೊತ್ತಿಗೇ ಉತ್ತರ ಕೊಡುವ ಇನ್ನೊಬ್ಬರು. ವಿಜ್ಞಾನದಿಂದ ಕೆಲವು ಉದಾಹರಣೆ, ನಮ್ಮ ಕಾಸರಗೋಡಿನ ಯಕ್ಷಗಾನದಿಂದ ಒಂದು ದೊಡ್ಡ ಉದಾಹರಣೆ ಇಟ್ಟುಕೊಂಡು ಇದನ್ನು ನೋಡೋಣ.

ಅಳತೆಗೋಲು

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಗಾದೆಯನ್ನು ನಾವು ಯಾವಾಗಲೂ ಕುಣಿಯುವವಳ ವಿರುದ್ಧ ಬಳಸ್ತೇವೆ. ಆದರೆ ಕೆಲವೊಮ್ಮೆ ನೆಲ ನಿಜವಾಗಿಯೂ ಡೊಂಕಾಗಿರುತ್ತದೆ ಅಲ್ವಾ? 2011ರ ಸೆಪ್ಟೆಂಬರಿನಲ್ಲಿ ಒಪೆರಾ ಎಂಬ ಪ್ರಯೋಗದ ವಿಜ್ಞಾನಿಗಳು ಒಂದು ವಿಚಿತ್ರ ಫಲಿತಾಂಶ ಪ್ರಕಟಿಸಿದರು. ಜಿನೀವಾದ ಸರ್ನ್ ಪ್ರಯೋಗಾಲಯದಿಂದ ಹೊರಟ ನ್ಯೂಟ್ರಿನೊ ಕಣಗಳು ಸುಮಾರು 730 ಕಿಲೋಮೀಟರ್ ದೂರದ ಇಟಲಿಯ ಗ್ರಾನ್ ಸಾಸೋ ಪ್ರಯೋಗಾಲಯಕ್ಕೆ, ಬೆಳಕು ತಲುಪಬೇಕಾದ ಸಮಯಕ್ಕಿಂತ ಸುಮಾರು 60 ನ್ಯಾನೊಸೆಕೆಂಡ್ ಮೊದಲೇ ಬಂದ ಹಾಗೆ ಕಂಡಿತು. ಅದು ನಿಜವಾದರೆ ಐನ್‌ಸ್ಟೈನ್ ಅವರ ಸಾಪೇಕ್ಷತೆಯನ್ನೇ ಮತ್ತೆ ಬರೆಯಬೇಕಾಗುತ್ತಿತ್ತು. ಆ ತಂಡದವರು 'ನಾವು ಗೆದ್ದೆವು' ಅನ್ನಲಿಲ್ಲ. ನಮಗೆ ತಪ್ಪು ಸಿಗುತ್ತಿಲ್ಲ, ನೀವೂ ಹುಡುಕಿ ಅಂತ ಲೆಕ್ಕವನ್ನೆಲ್ಲ ಜಗತ್ತಿನ ಮುಂದಿಟ್ಟರು. ಕೆಲವೇ ತಿಂಗಳಲ್ಲಿ ಕಾರಣ ಸಿಕ್ಕಿತು: ಗಡಿಯಾರದ ಸಂಕೇತ ತರುವ ಫೈಬರ್ ಕೇಬಲ್ಲಿನ ಒಂದು ಜೋಡಣೆ ಸರಿಯಾಗಿ ಕೂತಿರಲಿಲ್ಲ. ಅದೇ ಗ್ರಾನ್ ಸಾಸೋದಲ್ಲಿದ್ದ ಇಕಾರಸ್ ಎಂಬ ಇನ್ನೊಂದು ಪ್ರಯೋಗ 2012ರಲ್ಲಿ ಅಳೆದಾಗ ನ್ಯೂಟ್ರಿನೊ ಬೆಳಕಿನ ಮಿತಿಯನ್ನು ಮೀರಿರಲಿಲ್ಲ.

ಇಲ್ಲಿ ಡೊಂಕು ನೆಲದ್ದು. ಅದು ಗೊತ್ತಾದದ್ದು ಹೇಗೆ? ಸಂಖ್ಯೆ ಖಚಿತವಾಗಿತ್ತು. 'ಸ್ವಲ್ಪ ಬೇಗ ಬಂತು' ಅಂದಿದ್ದರೆ ಹುಡುಕುವುದಕ್ಕೆ ಏನೂ ಇರುತ್ತಿರಲಿಲ್ಲ. 60 ನ್ಯಾನೊಸೆಕೆಂಡ್ ಅಂದದ್ದರಿಂದ, ಆ 60 ಎಲ್ಲಿ ಅಡಗಿರಬಹುದು ಅಂತ ಒಂದೊಂದೇ ಕೊಂಡಿ ಬಿಚ್ಚಿ ನೋಡುವುದಕ್ಕಾಯಿತು.

ಇದಕ್ಕಿಂತ ಫಲವಂತವಾದ ತಪ್ಪಿನ ಕತೆ ನಮ್ಮ ಪಕ್ಕದ ಮದರಾಸಿನಲ್ಲಿ ನಡೆದಿದೆ. ಜಿ. ಎನ್. ರಾಮಚಂದ್ರನ್ ಎರ್ನಾಕುಲಂನಲ್ಲಿ ಹುಟ್ಟಿದವರು, ಮದರಾಸು ವಿಶ್ವವಿದ್ಯಾಲಯದಲ್ಲಿದ್ದವರು, ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದವರು. ನಮ್ಮ ಚರ್ಮ, ಮೂಳೆ, ಸ್ನಾಯುರಜ್ಜುಗಳಲ್ಲಿರುವ ಕೊಲಾಜೆನ್ ಎಂಬ ಪ್ರೋಟೀನಿನ ರಚನೆಯನ್ನು ಅವರೂ ಗೋಪಿನಾಥ್ ಕರ್ತಾ ಅವರೂ 1954ರಲ್ಲಿ ಮುಂದಿಟ್ಟರು. ಮೂರು ಸುರುಳಿಗಳು ಜೊತೆಗಿರುವ ಮಾದರಿ ಅದು. 1955ರಲ್ಲಿ ಅದನ್ನು ತಿದ್ದಿ, ಆ ಮೂರು ಸುರುಳಿಗಳು ಹಗ್ಗದ ಎಳೆಗಳಂತೆ ಒಂದರ ಸುತ್ತ ಒಂದು ಹೊಸೆದುಕೊಂಡಿವೆ ಅಂದರು. ಮುಖ್ಯ ಕಲ್ಪನೆ ಸರಿಯಾಗಿತ್ತು. ಆದರೆ ಅದೇ ವರ್ಷ ಅಲೆಕ್ಸಾಂಡರ್ ರಿಚ್ ಮತ್ತು ಫ್ರಾನ್ಸಿಸ್ ಕ್ರಿಕ್ ಒಂದು ಆಕ್ಷೇಪ ಎತ್ತಿದರು: ಈ ಮಾದರಿಯಲ್ಲಿ ಕೆಲವು ಪರಮಾಣುಗಳು ಇರಬಾರದಷ್ಟು ಹತ್ತಿರ ಬಂದಿವೆ. ಮೂರು ಅಮೈನೋ ಆಮ್ಲಕ್ಕೆ ಎರಡು ಜಲಜನಕ ಬಂಧ ಅಲ್ಲ, ಒಂದೇ ಇರಬೇಕು ಅಂತಲೂ ಅವರು ಹೇಳಿದರು.

ಈಗ ರಾಮಚಂದ್ರನ್ ಏನು ಮಾಡಿದರು ಅನ್ನೋದು ಮುಖ್ಯ. 'ಹತ್ತಿರ' ಅಂದರೆ ಎಷ್ಟು ಹತ್ತಿರ ಅಂತ ಅವರು ಕೇಳಿದರು. ಆಗ ಗೊತ್ತಿದ್ದ ಹರಳುಗಳ ರಚನೆಗಳನ್ನೆಲ್ಲ ಕೂಡಿಸಿ, ಯಾವ ಪರಮಾಣು ಯಾವುದಕ್ಕೆ ಎಷ್ಟು ಹತ್ತಿರ ಬರಬಲ್ಲದು ಎಂಬ ಪಟ್ಟಿ ತಯಾರಾಯಿತು. ಸಾಮಾನ್ಯ ಮಿತಿ ಒಂದು, ಅಂಚಿನ ಮಿತಿ ಇನ್ನೊಂದು. ಆ ಪಟ್ಟಿಯಿಂದ, ಪ್ರೋಟೀನಿನ ಸರಪಳಿ ಯಾವ ಯಾವ ಕೋನಗಳಲ್ಲಿ ತಿರುಗಬಲ್ಲದು, ಯಾವುದರಲ್ಲಿ ತಿರುಗಲಾರದು ಎಂಬ ನಕ್ಷೆ ಬಂತು. 1963ರಲ್ಲಿ ರಾಮಚಂದ್ರನ್, ರಾಮಕೃಷ್ಣನ್, ಶಶಿಶೇಖರನ್ ಮೂವರೂ ಪ್ರಕಟಿಸಿದ ಆ ನಕ್ಷೆಯನ್ನೇ ಇವತ್ತು ಜಗತ್ತು ರಾಮಚಂದ್ರನ್ ನಕ್ಷೆ ಅಂತ ಕರೆಯುವುದು. ಯಾವುದೇ ಹೊಸ ಪ್ರೋಟೀನ್ ರಚನೆ ಬಂದರೂ ಇಂದಿಗೂ ಅದನ್ನು ಈ ನಕ್ಷೆಯ ಮೇಲಿಟ್ಟು ಪರೀಕ್ಷಿಸುತ್ತಾರೆ. ಕೊಲಾಜೆನ್ನಿನ ಬಂಧ ಒಂದೋ ಎರಡೋ ಎಂಬ ವಾದ ಮುಂದೆಯೂ ನಡೆಯಿತು. ಇವತ್ತು ಒಪ್ಪಿರುವುದು ಒಂದು ಬಂಧದ ಮಾದರಿಯನ್ನೇ. ಅಂದರೆ ಆ ಬಿಂದುವಿನಲ್ಲಿ ಎದುರಾಳಿ ಸರಿ. ಆದರೆ ಆಕ್ಷೇಪವನ್ನು ಅಳತೆಯಾಗಿ ಬದಲಿಸಿದ್ದರಿಂದ ಹುಟ್ಟಿದ ನಕ್ಷೆ, ಮೂಲ ಜಗಳಕ್ಕಿಂತ ದೊಡ್ಡದಾಯಿತು.

ದೇಹಕ್ಕೆ ತಪ್ಪು ತಿಳಿಯುವುದು

ಇದು ಕಾಗದದ ಮೇಲಿನ ತಪ್ಪು. ನಾಟ್ಯದ ತಪ್ಪು ಕಾಲಿನಲ್ಲಿರುತ್ತದೆ. ಎರಡನ್ನೂ ಜೋಡಿಸುವ ಒಂದು ವಿಷಯ ನೋಡಿ.

ನಮ್ಮ ಚಲನೆಯ ಹದವನ್ನು ನೋಡಿಕೊಳ್ಳುವುದರಲ್ಲಿ ಕಿರುಮೆದುಳಿಗೆ ದೊಡ್ಡ ಪಾತ್ರ ಇದೆ. 1969ರಲ್ಲಿ ಡೇವಿಡ್ ಮಾರ್ ಎಂಬ ಯುವ ವಿಜ್ಞಾನಿ ಕಿರುಮೆದುಳು ಹೇಗೆ ಕಲಿಯುತ್ತದೆ ಅನ್ನುವುದಕ್ಕೆ ಒಂದು ಸಿದ್ಧಾಂತ ಕೊಟ್ಟರು. ಕಲಿಕೆಯಾಗುವಾಗ ಪುರ್ಕಿಂಜೆ ಎಂಬ ಕೋಶಗಳ ಮೇಲಿನ ಕೆಲವು ಸಂಪರ್ಕಗಳು ಬಲಗೊಳ್ಳುತ್ತವೆ ಎಂದರು. 1971ರಲ್ಲಿ ಜೇಮ್ಸ್ ಆಲ್ಬಸ್, ಅಲ್ಲ, ತಪ್ಪಿನ ಸಂಕೇತ ಬಂದಾಗ ಆ ಸಂಪರ್ಕಗಳು ದುರ್ಬಲವಾಗಬೇಕು ಎಂದರು. 1982ರಲ್ಲಿ ಜಪಾನಿನ ಮಸಾವೊ ಇಟೊ ಅವರ ತಂಡ ಪ್ರಯೋಗದಲ್ಲಿ ಕಂಡದ್ದು ದುರ್ಬಲವಾಗುವುದನ್ನೇ. ಮುಂದಿನ ಸಂಶೋಧನೆ ಚಿತ್ರವನ್ನು ಇನ್ನಷ್ಟು ಜಟಿಲಗೊಳಿಸಿದೆ. ಆದರೂ ಮಾರ್ ಅವರ ಲೇಖನವನ್ನು ಯಾರೂ ಕಸದ ಬುಟ್ಟಿಗೆ ಹಾಕಲಿಲ್ಲ. ಪ್ಲಸ್ಸೋ ಮೈನಸ್ಸೋ ಎಂಬಷ್ಟು ಸ್ಪಷ್ಟವಾಗಿ ಹೇಳಿದ್ದರಿಂದಲೇ ಅದನ್ನು ತಿದ್ದಲು ಸಾಧ್ಯವಾಯಿತು.

ಇನ್ನೊಂದು ಸರಳ ಪ್ರಯೋಗ. ದೃಶ್ಯವನ್ನು ಒಂದು ಬದಿಗೆ ಸರಿಸುವ ಪ್ರಿಸ್ಮ್ ಕನ್ನಡಕ ಹಾಕಿಕೊಂಡು ಗುರಿಯತ್ತ ಚೆಂಡು ಎಸೆಯಿರಿ. ಮೊದಲ ಎಸೆತಗಳು ಪಕ್ಕಕ್ಕೆ ಹೋಗುತ್ತವೆ. ಸ್ವಲ್ಪ ಹೊತ್ತಿನಲ್ಲಿ ಕೈ ತಾನಾಗಿ ಸರಿಹೋಗುತ್ತದೆ. ಕನ್ನಡಕ ತೆಗೆದರೆ ಈಗ ಇನ್ನೊಂದು ಬದಿಗೆ ತಪ್ಪುತ್ತದೆ! ಚೆಂಡು ಎಲ್ಲಿ ಬಿತ್ತು ಅನ್ನೋದು ಕೂಡಲೇ ಕಾಣದೆ ತಡವಾಗಿ ಕಂಡರೆ, ಈ ಹೊಂದಾಣಿಕೆಯೂ ಮಂದವಾಗುತ್ತದೆ. ದೇಹ ತಪ್ಪಿನಿಂದ ಕಲಿಯುವುದು ಹೌದು, ಆದರೆ ಸುದ್ದಿ ಬೇಗ ಬರಬೇಕು. ಮುಂದಿನ ತಿಂಗಳು ಬರುವ ಅಂಕಪಟ್ಟಿಯಿಂದ ಕಾಲು ಏನನ್ನೂ ಕಲಿಯುವುದಿಲ್ಲ.

ಕೋಡಂಗಿಯ ಜಾಗ

ಈಗ ನಮ್ಮ ಊರಿಗೆ ಬರೋಣ. ಪಾರ್ತಿಸುಬ್ಬನ ಕುಂಬಳೆಯ ಸೀಮೆ ಇದು, ತೆಂಕುತಿಟ್ಟಿನ ತವರು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೂ ಇಲ್ಲಿ ಕನ್ನಡವನ್ನು ರಾತ್ರಿಯಿಡೀ ಎಚ್ಚರವಾಗಿ ಇಟ್ಟದ್ದು ಬಯಲಾಟ ಮತ್ತು ತಾಳಮದ್ದಳೆ ಅಂದರೆ ಅತಿಶಯೋಕ್ತಿಯಲ್ಲ.

ಹಳೆಯ ಬಯಲಾಟದ ಪೂರ್ವರಂಗವನ್ನು ನಾವು ಸಾಮಾನ್ಯವಾಗಿ ಧಾರ್ಮಿಕ ಆಚರಣೆಯಾಗಿಯೋ, ಜನ ಸೇರುವವರೆಗಿನ ಕಾಲಯಾಪನೆಯಾಗಿಯೋ ವಿವರಿಸ್ತೇವೆ. ಅದನ್ನು ಕಲಿಕೆಯ ವ್ಯವಸ್ಥೆಯಾಗಿ ಓದಬೇಕು ಅನ್ನೋದು ನನ್ನ ಸೂಚನೆ. ಮೇಳಕ್ಕೆ ಹೊಸದಾಗಿ ಸೇರಿದ ಹುಡುಗ ಮೊದಲು ಹಾಕುತ್ತಿದ್ದದ್ದು ಕೋಡಂಗಿ ವೇಷ. ಅಲಂಕಾರ ಕಡಿಮೆ, ಹೆಜ್ಜೆ ಸರಳ, ಮಾತಿನ ಭಾರ ಇಲ್ಲ. ಆಮೇಲೆ ಬಾಲಗೋಪಾಲ, ಪೂರ್ವರಂಗದ ಸ್ತ್ರೀವೇಷ, ಹೀಗೆ ಮೆಟ್ಟಿಲು. ಹಾಡುವವರಲ್ಲೂ ಅಷ್ಟೇ. ಪೂರ್ವರಂಗಕ್ಕೆ ಹಾಡುವವರನ್ನು 'ಸಂಗೀತಗಾರ' ಅಂತ ಕರೆಯುತ್ತಿದ್ದರು. ಮುಖ್ಯ ಭಾಗವತರು ಬಂದು ಕೂರುವುದು ಆಮೇಲೆ.

ನಾನು ಹೇಳಿದ ಮೂರು ಸಂಗತಿಗಳೂ ಇಲ್ಲಿವೆ. ಅಳತೆಗೋಲು ತಾಳ. ತ್ರಿವುಡೆಗೆ ಏಳು, ರೂಪಕಕ್ಕೆ ಆರು. ಏಳರ ಲೆಕ್ಕದಲ್ಲಿ ಆರಕ್ಕೇ ಕಾಲು ಊರಿದರೆ ಅದು ಅಭಿಪ್ರಾಯಭೇದ ಅಲ್ಲ. ಚೆಂಡೆಯವನಿಗೆ, ಭಾಗವತನಿಗೆ, ಎದುರು ಕೂತ ಅಜ್ಜನಿಗೆ, ಎಲ್ಲರಿಗೂ ಗೊತ್ತಾಗುತ್ತದೆ. ಎರಡನೆಯದಾಗಿ, ತಪ್ಪಿದರೂ ಪ್ರಸಂಗ ಕೆಡುವುದಿಲ್ಲ, ಕತೆ ಇನ್ನೂ ಶುರುವಾಗಿಲ್ಲ. ಆದರೆ ಇದು ಮನೆಯ ಜಗಲಿಯ ಅಭ್ಯಾಸವೂ ಅಲ್ಲ. ದೀಪ ಇದೆ, ಗೆಜ್ಜೆ ಇದೆ, ನಾಲ್ಕು ಜನ ನೋಡುತ್ತಿದ್ದಾರೆ. ಮೂರನೆಯದಾಗಿ, ಉತ್ತರ ಅಲ್ಲೇ ಬರುತ್ತದೆ. ಹಿಮ್ಮೇಳ ಆ ಹುಡುಗನನ್ನು ಬಿಟ್ಟು ಮುಂದೆ ಓಡುವುದಿಲ್ಲ. ಸಾಲನ್ನು ಮತ್ತೊಮ್ಮೆ ಎತ್ತಿಕೊಳ್ಳಬಹುದು, ಚೆಂಡೆಯ ಪೆಟ್ಟನ್ನು ಸ್ವಲ್ಪ ಒತ್ತಿ ಕೊಟ್ಟು ಮುಕ್ತಾಯ ಎಲ್ಲಿ ಅಂತ ತೋರಿಸಬಹುದು. ಉಳಿದ ಮಾತು ಚೌಕಿಯಲ್ಲಿ.

ಇಲ್ಲಿ ಒಂದು ಎಚ್ಚರಿಕೆ. ಆ ಚೌಕಿಯನ್ನು ಸ್ವರ್ಗ ಮಾಡಬೇಡಿ. ಅಲ್ಲಿ ಬೈಗುಳ ಇತ್ತು, ಪೆಟ್ಟೂ ಇತ್ತು, ಜಾತಿಯ ಲೆಕ್ಕ ಇತ್ತು. ಹೆಣ್ಣುಮಕ್ಕಳಿಗೆ ಕೋಡಂಗಿಯ ಜಾಗವೂ ಇರಲಿಲ್ಲ. ತಪ್ಪುವ ಅವಕಾಶವೇ ಒಂದು ಸವಲತ್ತು, ಅದು ಎಲ್ಲರಿಗೂ ಸಮನಾಗಿ ಹಂಚಿರಲಿಲ್ಲ. 'ತಪ್ಪಿನಿಂದ ಕಲಿಯಿರಿ' ಅನ್ನುವವರು ಮರೆಯುವ ಮಾತು ಇದು.

ಇನ್ನು, ತಾಳ ತಪ್ಪುವುದೆಲ್ಲ ತಪ್ಪೇ? ನಮ್ಮ ತಾಳಶಾಸ್ತ್ರದಲ್ಲಿ ಸಮ, ಅತೀತ, ಅನಾಗತ ಅಂತ ಮೂರು ಗ್ರಹಗಳಿವೆ. ತಾಳದ ಜೊತೆಗೇ ಎತ್ತಿಕೊಳ್ಳುವುದು, ಅದಕ್ಕೆ ಮುಂಚೆ ಅಥವಾ ಅನಂತರ ಎತ್ತಿಕೊಳ್ಳುವುದು, ಮೂರಕ್ಕೂ ಶಾಸ್ತ್ರ ಹೆಸರಿಟ್ಟಿದೆ. ಹೊಸಬ ಪೆಟ್ಟು ಬಿಟ್ಟು ಎತ್ತಿಕೊಂಡರೆ ತಪ್ಪು, ಅನುಭವಿ ಎತ್ತಿಕೊಂಡರೆ ಸೊಗಸು. ವ್ಯತ್ಯಾಸ ವಯಸ್ಸಿನದ್ದಲ್ಲ, ಮರಳಿ ಸಮಕ್ಕೆ ಬಂದು ಮುಟ್ಟುವ ತಿಳಿವಿನದು. ರಾಮಚಂದ್ರನ್ ನಕ್ಷೆಯಲ್ಲೂ ಹೀಗೇ ಆಗುತ್ತದೆ. ಒಪ್ಪಿತ ಪ್ರದೇಶದ ಹೊರಗೆ ಒಂದು ಬಿಂದು ಬಿದ್ದರೆ, ಹೆಚ್ಚಿನ ಸಲ ಅಳತೆ ಕೆಟ್ಟಿದೆ ಅಂತಲೇ ಅರ್ಥ. ಆದರೆ ಕೆಲವು ಸಲ ಅದು ನಿಜವಾದದ್ದೇ, ಪ್ರೋಟೀನಿನ ಕೆಲಸಕ್ಕೆ ಬೇಕಾದ ಬಿಗಿತ ಅದು. ನಕ್ಷೆ ಇಲ್ಲದಿದ್ದರೆ ಎರಡನ್ನೂ ಬೇರೆ ಮಾಡಲಾಗುತ್ತಿರಲಿಲ್ಲ. ಹೊಸತನ್ನು ಗುರುತಿಸುವುದಕ್ಕೂ ನಿಯಮ ಬೇಕು.

ಬೆಲೆ ತೆತ್ತವರು ಯಾರು?

ಇಲ್ಲಿಯವರೆಗೆ ಹೇಳಿದ್ದಕ್ಕೆ ಒಂದು ಕಠಿಣ ಪರೀಕ್ಷೆ ನಮ್ಮ ಜಿಲ್ಲೆಯಲ್ಲೇ ಇದೆ. ಎಣ್ಮಕಜೆಯ ಪಡ್ರೆ ಗ್ರಾಮ ನಾಟ್ಯಕ್ಕೆ ಪಡ್ರೆ ಚಂದು ಅವರನ್ನು ಕೊಟ್ಟ ಊರು. ಧರ್ಮಸ್ಥಳದ ಲಲಿತ ಕಲಾಕೇಂದ್ರದಲ್ಲಿ ಅನೇಕ ಕಲಾವಿದರಿಗೆ ಹೆಜ್ಜೆ ಹೇಳಿಕೊಟ್ಟ ಗುರು ಅವರು. ಅದೇ ಪಡ್ರೆಯ ಹೆಸರು ದೇಶಕ್ಕೆಲ್ಲ ತಿಳಿದದ್ದು ಇನ್ನೊಂದು ಕಾರಣಕ್ಕೆ. ಗೇರುತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಆಕಾಶದಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. 2000ದ ಹೊತ್ತಿಗೆ ಅದು ನಿಂತಿತು, 2011ರಲ್ಲಿ ಸುಪ್ರೀಂ ಕೋರ್ಟಿನ ನಿಷೇಧ ಬಂತು.

ಅದೂ ಒಂದು 'ಪ್ರಯೋಗ', ಅದರಿಂದಲೂ 'ಕಲಿತೆವು' ಅಂತ ಯಾರಾದರೂ ಹೇಳಿದರೆ ನಮಗೆ ಸಿಟ್ಟು ಬರುತ್ತದೆ. ಯಾಕೆ? ಮೂರು ಸಂಗತಿಗಳನ್ನು ಇಟ್ಟು ನೋಡಿ. ಏನನ್ನು ಅಳೆಯಬೇಕು ಅಂತ ಮೊದಲೇ ನಿಶ್ಚಯಿಸಿರಲಿಲ್ಲ. ತಪ್ಪಿದರೆ ಕೆಡುವುದು ಸಿಂಪಡಿಸಿದವರ ಮನೆಯಲ್ಲ, ಕೆಳಗಿನ ತೋಡು, ಬಾವಿ, ಮಕ್ಕಳು. ಊರಿನ ತಾಯಂದಿರೂ ವೈದ್ಯರೂ ಹೇಳುತ್ತ ಬಂದ ಉತ್ತರಕ್ಕೆ ವರ್ಷಗಟ್ಟಲೆ ಕಿವಿ ಸಿಗಲಿಲ್ಲ. ಕೋಡಂಗಿಯ ಹುಡುಗ ತಾಳ ತಪ್ಪಿದರೆ ನಾಚಿಕೆ ಅವನದೇ. ಇಲ್ಲಿ ತಪ್ಪು ಒಬ್ಬರದು, ಬೆಲೆ ಇನ್ನೊಬ್ಬರದು. ಆದ್ದರಿಂದ ವಿಜ್ಞಾನದ ವಿದ್ಯಾರ್ಥಿಗಳಿಗೆ ನನ್ನ ಮಾತು ಇಷ್ಟೇ: ತಪ್ಪಿನ ಸ್ವಾತಂತ್ರ್ಯ ಪ್ರಯೋಗಾಲಯದ ಗೋಡೆಯೊಳಗಿನದು. ಹೊರಗೆ ಕಾಲಿಡುವಾಗ ಅದನ್ನು ಯಾರ ಅಂಗಳದಲ್ಲಿ ಖರ್ಚು ಮಾಡ್ತಾ ಇದ್ದೇವೆ ಅಂತ ಕೇಳಲೇಬೇಕು.

ಈಗ ಕಳೆದುಕೊಳ್ಳುತ್ತಿರುವುದು

ಕೊನೆಯ ಭಾಗಕ್ಕೆ ಬರ್ತೇನೆ. ಇತ್ತೀಚಿನ ವರ್ಷಗಳಲ್ಲಿ ಅನೇಕ ಮೇಳಗಳು ಕಾಲಮಿತಿಗೆ ಬಂದಿವೆ. ಜನರ ನಿದ್ದೆ, ಬಸ್ಸು, ಮರುದಿನದ ಕೆಲಸ, ಎಲ್ಲ ಕಾರಣಗಳೂ ನ್ಯಾಯವಾದವು. ನಾನು ಕಾಲಮಿತಿಯ ವಿರೋಧಿ ಅಲ್ಲ. ಆದರೆ ಸಮಯ ಕಡಿಮೆಯಾದಾಗ ಮೊದಲು ಕತ್ತರಿ ಬಿದ್ದದ್ದು ಪೂರ್ವರಂಗಕ್ಕೆ. ಪ್ರೇಕ್ಷಕರು ಅದನ್ನು ನಷ್ಟ ಅಂತ ಭಾವಿಸಲಿಲ್ಲ, ಯಾಕಂದರೆ ಅವರು ಹಣ ಕೊಟ್ಟು ನೋಡುವುದು ಮಾಗಿದ ವೇಷವನ್ನು. ಆ ವೇಷ ಎಲ್ಲಿ ಮಾಗಿತು ಅನ್ನುವ ಪ್ರಶ್ನೆ ಇಪ್ಪತ್ತು ವರ್ಷ ಕಳೆದ ಮೇಲೆ ಬರುವಂಥದ್ದು.

ಇನ್ನೊಂದು ಕಡೆ ಶಾಲಾ ಕಲೋತ್ಸವ. ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನ ಒಂದು ಸ್ಪರ್ಧೆ. ಇದರಿಂದ ಆದ ಲಾಭ ದೊಡ್ಡದು. ಹೆಣ್ಣುಮಕ್ಕಳು ಗೆಜ್ಜೆ ಕಟ್ಟಿದರು, ಕನ್ನಡ ಮನೆಮಾತಲ್ಲದ ಮಕ್ಕಳೂ ಕನ್ನಡದ ಪದ್ಯಕ್ಕೆ ಕುಣಿದರು. ಆದರೆ ಸ್ಪರ್ಧೆಯ ಸ್ವರೂಪ ನೋಡಿ: ನಿಗದಿತ ನಿಮಿಷ, ಒಂದೇ ಪ್ರದರ್ಶನ, ಮೇಲೆ ಗ್ರೇಡು, ಅದರ ಹಿಂದೆ ಗ್ರೇಸ್ ಮಾರ್ಕು. ಅಲ್ಲಿ ತಪ್ಪಿಗೆ ಒಂದೇ ಅರ್ಥ, ಅಂಕ ಹೋಯಿತು. ಹಾಗಾಗಿ ಮಗು ಹೆಜ್ಜೆಯನ್ನೂ ಅರ್ಥವನ್ನೂ ಬಾಯಿಪಾಠ ಮಾಡುತ್ತದೆ. ಬಾಯಿಪಾಠದಲ್ಲಿ ತಪ್ಪಿಲ್ಲ, ನಿಜ. ಎದುರಾಳಿ ಪಾತ್ರಧಾರಿ ಬರೆದಿಟ್ಟದ್ದಕ್ಕಿಂತ ಬೇರೆ ಒಂದು ಪ್ರಶ್ನೆ ಎಸೆದರೆ ಏನಾಗುತ್ತದೆ ಅನ್ನುವುದನ್ನು ಮಾತ್ರ ಆ ಮಗು ಎಂದೂ ಕಾಣುವುದಿಲ್ಲ. ಯಕ್ಷಗಾನದ ಪ್ರಾಣ ಇರುವುದು ಅಲ್ಲೇ ಅಲ್ವಾ? ನಮ್ಮ ವಿಜ್ಞಾನದ ಲ್ಯಾಬುಗಳಲ್ಲೂ ಇದೇ ಕತೆ. ಉತ್ತರ ಮೊದಲೇ ಗೊತ್ತಿರುವ ಪ್ರಯೋಗ, ರೀಡಿಂಗ್ ಬಾರದಿದ್ದರೆ ಪಕ್ಕದವರ ರೆಕಾರ್ಡಿನಿಂದ ನಕಲು. ಆ ಬಾರದ ರೀಡಿಂಗ್ ಯಾಕೆ ಬಾರಲಿಲ್ಲ ಅಂತ ಅರ್ಧ ಪುಟ ಬರೆದವರಿಗೆ ಅಂಕ ಕೊಟ್ಟರೆ, ಅದು ನಮ್ಮ ವಿಭಾಗಗಳ ಕೋಡಂಗಿ ವೇಷವಾದೀತು.

ನನ್ನ ಸಲಹೆ ಸಣ್ಣದು. ಮೇಳಗಳು ಆಟದ ಮೊದಲು ಅರ್ಧ ಗಂಟೆಯಾದರೂ ಕಲಿಯುವವರಿಗೆ ಬಿಡಲಿ. ಸ್ಪರ್ಧೆಗೆ ಮಕ್ಕಳನ್ನು ತಯಾರು ಮಾಡುವ ಶಾಲೆಗಳು, ಸ್ಪರ್ಧೆ ಮುಗಿದ ಮೇಲೆ ಅದೇ ಮಕ್ಕಳಿಂದ, ಅಂಕ ಇಲ್ಲದ, ಬರೆದ ಮಾತಿಲ್ಲದ ಒಂದು ಆಟ ಆಡಿಸಲಿ.

ಪ್ರಶ್ನೋತ್ತರ

ಪ್ರಶ್ನೆ (ವಿದ್ಯಾರ್ಥಿ): ಈಗ ಎಲ್ಲವೂ ವಿಡಿಯೊ ಆಗುತ್ತದೆ. ತಪ್ಪನ್ನು ಮತ್ತೆ ಮತ್ತೆ ನೋಡಬಹುದು. ಕಲಿಕೆಗೆ ಅದು ಒಳ್ಳೆಯದಲ್ವಾ?

ಉತ್ತರ: ಒಳ್ಳೆಯದೇ, ಕಲಿಯುವವರ ಕೈಯಲ್ಲಿದ್ದರೆ. ತನ್ನ ದಿಗಿಣ ಎಲ್ಲಿ ಜಾರಿತು ಅಂತ ನಿಧಾನ ಮಾಡಿ ನೋಡಬಹುದು. ಆದರೆ ಅದೇ ತುಣುಕು ಊರಿನ ವಾಟ್ಸಾಪ್ ಗುಂಪುಗಳಲ್ಲಿ ಓಡಾಡಿದರೆ ಕೋಡಂಗಿಯ ಜಾಗ ಮುಚ್ಚಿಹೋಗುತ್ತದೆ. ಬಯಲಾಟದ ತಪ್ಪು ಬೆಳಗಾಗುವುದರೊಳಗೆ ಮರೆತುಹೋಗುತ್ತಿತ್ತು, ಕಲಿತದ್ದು ಮಾತ್ರ ಉಳಿಯುತ್ತಿತ್ತು. ಈಗ ಕೆಲವೊಮ್ಮೆ ಅದು ತಿರುಗುಮುರುಗಾಗಿದೆ.

ಪ್ರಶ್ನೆ (ಅಧ್ಯಾಪಕಿ): ನಮ್ಮ ಕನ್ನಡ ಮಾಧ್ಯಮ ಶಾಲೆಯಲ್ಲಿ ಮನೆಮಾತು ಮಲಯಾಳವೋ ತುಳುವೋ ಆಗಿರುವ ಮಕ್ಕಳು ತುಂಬ ಇದ್ದಾರೆ. ಅರ್ಥ ಹೇಳುವಾಗ ಅವರ ಕನ್ನಡ ತಪ್ಪುತ್ತದೆ. ತಿದ್ದಬೇಕೋ ಬಿಡಬೇಕೋ?

ಉತ್ತರ: ಭಾಷಾ ಕಲಿಕೆಯಲ್ಲಿ ಪಿಟ್ ಕಾರ್ಡರ್ ಅವರು 1967ರಲ್ಲೇ ಹೇಳಿದ ಮಾತು ಇಲ್ಲಿ ಕೆಲಸಕ್ಕೆ ಬರುತ್ತದೆ. ಬಾಯಿತಪ್ಪಿ ಬರುವ ತಪ್ಪು ಬೇರೆ, ಕಲಿಯುವವರ ಒಳಗಿನ ವ್ಯಾಕರಣದಿಂದ ಬರುವ ತಪ್ಪು ಬೇರೆ. ಮಲಯಾಳದ ಕ್ರಿಯಾಪದ ಅವನು, ಅವಳು, ಅದು ಎಂಬುದಕ್ಕೆ ತಕ್ಕಂತೆ ಬದಲಾಗುವುದಿಲ್ಲ. ಆ ಮನೆಯ ಮಗು 'ಸೀತೆ ಬಂದನು' ಅಂದರೆ ಅದು ದಡ್ಡತನ ಅಲ್ಲ, ಅದಕ್ಕೆ ಗೊತ್ತಿರುವ ವ್ಯಾಕರಣ ಮಾತಾಡ್ತಾ ಇದೆ. ಕಾರಣ ಹೇಳಿ ತಿದ್ದಿ. ಆದರೆ 'ಏನು' ಅನ್ನುವ ಕಡೆ ಮಗು 'ಎಂತ' ಅಂದರೆ? ಅದು ಈ ಸೀಮೆಯ ಕನ್ನಡ, ತಪ್ಪೇ ಅಲ್ಲ. ರಂಗಸ್ಥಳದ ಭಾಷೆಯ ಶಿಸ್ತು ಬೇರೆ ಅಂತ ತಿಳಿಸಿಕೊಡಿ, ಸಾಕು. ಒಂದನ್ನು ತಿದ್ದಬೇಕು, ಇನ್ನೊಂದನ್ನು ಗೌರವಿಸಬೇಕು. ಎರಡಕ್ಕೂ ಒಂದೇ ಕೆಂಪು ಗೀಟು ಎಳೆದರೆ ಮಗು ಮಾತು ನಿಲ್ಲಿಸಿಬಿಡುತ್ತದೆ. ನಾಲ್ಕು ಭಾಷೆಯ ಈ ಊರಿನಲ್ಲಿ ಮಾತು ನಿಲ್ಲಿಸಿದ ಮಗುವಿಗೆ ಆಡುವುದಕ್ಕೆ ಬೇರೆ ಭಾಷೆ ಇದೆ. ಕನ್ನಡಕ್ಕೆ ಆ ಮಗು ಮತ್ತೆ ಸಿಗುವುದಿಲ್ಲ.